ಸಿ ಶಾರ್ಪ್‌ನಲ್ಲಿ ಪ್ರೈವೇಟ್ ಡೆಲಿಗೇಟ್ ಕಟ್ಟುವ ಬಗೆ

ಸೋರ್ಸ್ ಕೋಡ್ ಬದಲಿಸಲಾಗದ ಲೈಬ್ರರಿಗೆ ಟೆಸ್ಟ್ ಬರೆಯುವಾಗ ಒಳಗಿನ ಪ್ರೈವೇಟ್ ಕ್ಲಾಸ್‌ನ ಆಬ್ಜೆಕ್ಟ್ ಬೇಕಾಗುತ್ತದೆ. ರಿಫ್ಲೆಕ್ಷನ್‌ನಿಂದ (ಪ್ರೋಗ್ರಾಂ ಓಡುವಾಗಲೇ ಟೈಪ್‌ಗಳನ್ನು ಹೆಸರಿನಿಂದ ಹುಡುಕಿ ಬಳಸುವ ಸೌಲಭ್ಯ) ಅದನ್ನು ಪಡೆಯುವುದು ಸುಲಭ. ಆ ಕ್ಲಾಸನ್ನೇ ಪ್ಯಾರಾಮೀಟರ್ ಆಗಿ ಕೇಳುವ ಪ್ರೈವೇಟ್ ಡೆಲಿಗೇಟ್ (ಮೆಥಡ್ ಒಂದನ್ನು ಹಿಡಿದಿಟ್ಟು ಆಮೇಲೆ ಕರೆಯಲು ಬಳಸುವ ಟೈಪ್) ಎದುರಾದಾಗಲೇ ನಿಜವಾದ ಕೆಲಸ.

ಹೊರಗಿನ ಕ್ಲಾಸ್ ಎಂಜಿನ್, ಒಳಗಿನದು ಸ್ಟೇಟ್ ಎಂದಿಟ್ಟುಕೊಳ್ಳಿ. ಎಂಜಿನ್‌ನ ಅಸೆಂಬ್ಲಿಯಲ್ಲಿ (ಕಂಪೈಲ್ ಆದ ಲೈಬ್ರರಿ ಫೈಲ್) ಗೆಟ್‌ಟೈಪ್ ಕರೆಯುವಾಗ ಹೆಸರು 'ಎಂಜಿನ್+ಸ್ಟೇಟ್' ಆಗಬೇಕು, ಮುಂದೆ ನೇಮ್‌ಸ್ಪೇಸ್ ಸೇರಿಸಿ. ನಡುವೆ ಚುಕ್ಕಿ ಹಾಕಿದರೆ ಸಿಗುವುದು ನಲ್. ಅದಕ್ಕೇ ಗೆಟ್‌ಟೈಪ್‌ನ ಥ್ರೋಆನ್‌ಎರರ್ ಪ್ಯಾರಾಮೀಟರ್‌ಗೆ ಯಾವಾಗಲೂ ಟ್ರೂ ಕೊಡುತ್ತೇನೆ, ತಪ್ಪು ಆದ ಸಾಲಿನಲ್ಲೇ ಗೊತ್ತಾಗುತ್ತದೆ. ಎಂಜಿನ್ ಜೆನೆರಿಕ್ ಆಗಿದ್ದರೆ ಸ್ಟೇಟ್ ಕೂಡ ಜೆನೆರಿಕ್ಕೇ. ಮೊದಲು ಮೇಕ್‌ಜೆನೆರಿಕ್‌ಟೈಪ್ ಮಾಡಿಕೊಳ್ಳಬೇಕು.

ಆಕ್ಟಿವೇಟರ್.ಕ್ರಿಯೇಟ್‌ಇನ್‌ಸ್ಟನ್ಸ್‌ಗೆ ಟೈಪ್ ಜೊತೆ ಟ್ರೂ ಕೊಟ್ಟರೆ ಪ್ಯಾರಾಮೀಟರ್ ಇಲ್ಲದ ಪ್ರೈವೇಟ್ ಕನ್‌ಸ್ಟ್ರಕ್ಟರ್ ಓಡುತ್ತದೆ. ಆರ್ಗ್ಯುಮೆಂಟ್‌ಗಳಿದ್ದರೆ ಬೈಂಡಿಂಗ್‌ಫ್ಲ್ಯಾಗ್ಸ್ ತೆಗೆದುಕೊಳ್ಳುವ ಓವರ್‌ಲೋಡ್ ಬಳಸಿ. ನಾನ್‌ಪಬ್ಲಿಕ್ ಒಂದೇ ಸಾಲದು, ಇನ್‌ಸ್ಟನ್ಸ್ ಕೂಡ ಬೇಕು, ಇಲ್ಲದಿದ್ದರೆ ಮಿಸ್ಸಿಂಗ್‌ಮೆಥಡ್‌ಎಕ್ಸೆಪ್ಷನ್. ಕನ್‌ಸ್ಟ್ರಕ್ಟರ್ ಒಳಗೇ ಎಡವಟ್ಟಾದರೆ ಬರುವುದು ಟಾರ್ಗೆಟ್‌ಇನ್ವೊಕೇಶನ್‌ಎಕ್ಸೆಪ್ಷನ್. ನಿಜವಾದ ಕಾರಣ ಅದರ ಇನ್ನರ್‌ಎಕ್ಸೆಪ್ಷನ್‌ನಲ್ಲಿರುತ್ತದೆ.

ಇನ್ನು ಡೆಲಿಗೇಟ್. ಅದರ ಟೈಪನ್ನೂ ಹೀಗೇ ಹುಡುಕಿ, ಟೈಪ್ ಮತ್ತು ನಮ್ಮ ಮೆಥಡ್‌ನ ಮೆಥಡ್‌ಇನ್ಫೋವನ್ನು ಡೆಲಿಗೇಟ್.ಕ್ರಿಯೇಟ್‌ಡೆಲಿಗೇಟ್‌ಗೆ ಕೊಡಬೇಕು, ಮೆಥಡ್ ಸ್ಟ್ಯಾಟಿಕ್ ಅಲ್ಲದಿದ್ದರೆ ನಡುವೆ ಟಾರ್ಗೆಟ್ ಆಬ್ಜೆಕ್ಟ್. ಸ್ಟೇಟ್ ಎಂಬ ಹೆಸರನ್ನು ನಮ್ಮ ಕೋಡ್‌ನಲ್ಲಿ ಬರೆಯುವಂತಿಲ್ಲವಲ್ಲ? ಆ ಪ್ಯಾರಾಮೀಟರ್ ಜಾಗದಲ್ಲಿ ಆಬ್ಜೆಕ್ಟ್ ಎಂದು ಬರೆಯಿರಿ. ಕಾಂಟ್ರಾವೇರಿಯನ್ಸ್‌ನಿಂದ (ಡೆಲಿಗೇಟ್ ಕೇಳುವುದಕ್ಕಿಂತ ಸಾಮಾನ್ಯ ಟೈಪ್‌ನ ಪ್ಯಾರಾಮೀಟರ್ ಇರುವ ಮೆಥಡನ್ನೂ ಒಪ್ಪುವ ನಿಯಮ) ಅದು ಸರಾಗವಾಗಿ ಕೂರುತ್ತದೆ.

ಆದರೆ ಇದು ರೆಫರೆನ್ಸ್ ಟೈಪ್‌ಗೆ ಮಾತ್ರ. ಸ್ಟೇಟ್ ಸ್ಟ್ರಕ್ಟ್ ಆಗಿದ್ದರೆ ಬಾಕ್ಸಿಂಗ್ (ಸ್ಟ್ರಕ್ಟ್ ಮೌಲ್ಯವನ್ನು ಆಬ್ಜೆಕ್ಟ್ ಆಗಿ ಸುತ್ತುವುದು) ತಾನಾಗಿ ಆಗುವುದಿಲ್ಲ, ಆರ್ಗ್ಯುಮೆಂಟ್‌ಎಕ್ಸೆಪ್ಷನ್ ಬರುತ್ತದೆ. ಡೆಲಿಗೇಟ್ ಸ್ಟೇಟನ್ನು ರಿಟರ್ನ್ ಮಾಡಬೇಕಾದಾಗಲೂ ಇದೇ ಗತಿ, ಅಲ್ಲಿ ಆಬ್ಜೆಕ್ಟ್ ನಡೆಯದು. ಇವೆರಡಕ್ಕೂ ಎಕ್ಸ್‌ಪ್ರೆಶನ್ ಟ್ರೀ (ಕೋಡನ್ನು ತುಂಡುತುಂಡಾಗಿ ಡೇಟಾದಂತೆ ಕಟ್ಟಿ, ಓಡುವಾಗ ಕಂಪೈಲ್ ಮಾಡುವ ವಿಧಾನ) ನನಗೆ ಅತ್ಯಂತ ನಂಬಿಕೆಯ ದಾರಿ. ಡೆಲಿಗೇಟ್‌ನ ಇನ್ವೋಕ್ ಮೆಥಡ್‌ನಿಂದ ಪ್ಯಾರಾಮೀಟರ್ ಟೈಪ್‌ಗಳನ್ನು ಓದಿ, ಒಂದೊಂದಕ್ಕೂ ಪ್ಯಾರಾಮೀಟರ್‌ಎಕ್ಸ್‌ಪ್ರೆಶನ್ ಮಾಡಿ, ಎಕ್ಸ್‌ಪ್ರೆಶನ್.ಕನ್ವರ್ಟ್‌ನಿಂದ ಆಬ್ಜೆಕ್ಟ್‌ಗೆ ತಿರುಗಿಸಿ ನಮ್ಮ ಮೆಥಡ್ ಕರೆಯಬೇಕು. ಫಲಿತಾಂಶವನ್ನು ಮತ್ತೆ ರಿಟರ್ನ್ ಟೈಪ್‌ಗೆ ಕನ್ವರ್ಟ್ ಮಾಡಿ, ಡೆಲಿಗೇಟ್ ಟೈಪ್ ಕೊಟ್ಟು ಲ್ಯಾಂಬ್ಡಾ ಕಟ್ಟಿ ಕಂಪೈಲ್ ಮಾಡಿದರೆ ಡೆಲಿಗೇಟ್ ಸಿದ್ಧ.

ಅದನ್ನು ಪ್ರೈವೇಟ್ ಇವೆಂಟ್‌ಗೆ ಜೋಡಿಸುವಾಗ ಆ್ಯಡ್‌ಇವೆಂಟ್‌ಹ್ಯಾಂಡ್ಲರ್ ಒಪ್ಪುವುದಿಲ್ಲ. ಗೆಟ್‌ಆ್ಯಡ್‌ಮೆಥಡ್‌ಗೆ ಟ್ರೂ ಕೊಟ್ಟು, ಸಿಕ್ಕ ಮೆಥಡನ್ನು ನೇರವಾಗಿ ಇನ್ವೋಕ್ ಮಾಡಿ.