ಐವತ್ತು ಹೇಳುತ್ತಿದ್ದಳು, ಏಳು ಎಣಿಸಲಿಲ್ಲ

ನಮ್ಮ ಅಂಗನವಾಡಿಗೆ ನಾಲ್ಕೂವರೆ ವರ್ಷದ ಹುಡುಗಿಯೊಬ್ಬಳು ಸೇರಿದಳು. ಒಂದರಿಂದ ಐವತ್ತರವರೆಗೆ ಗಡಗಡ ಹೇಳುತ್ತಿದ್ದಳು. ಏಳು ಹುಣಸೆ ಬೀಜ ಮುಂದಿಟ್ಟು ‘ಎಣಿಸು ಪುಟ್ಟಿ’ ಅಂದೆ. ಬೆರಳು ಒಂದು ಕಡೆ, ಬಾಯಿ ಇನ್ನೊಂದು ಕಡೆ ಓಡಿತು. ಹನ್ನೊಂದು ಬಂತು. ಮತ್ತೆ ಎಣಿಸಿದಾಗ ಒಂಬತ್ತು. ಅವಳಿಗೇನೂ ಅನುಮಾನ ಬರಲಿಲ್ಲ.

ತಪ್ಪು ಅವಳದಲ್ಲ. ಮೊದಲು ನಾನೂ ಮಕ್ಕಳನ್ನು ಸಾಲಾಗಿ ಕೂರಿಸಿ ಅಂಕಿ ಕೂಗಿಸುತ್ತಿದ್ದೆ. ಕೇಳೋಕೆ ಚೆನ್ನಾಗಿರುತ್ತಿತ್ತು, ಅಷ್ಟೇ.

ಈಗ ಬೀಜವನ್ನು ಬೆರಳಲ್ಲಿ ತೋರಿಸಿ ಎಣಿಸಲು ಬಿಡುವುದಿಲ್ಲ. ಒಂದೊಂದೇ ಎತ್ತಿ ಸ್ಟೀಲ್ ಬಟ್ಟಲಿಗೆ ಹಾಕಬೇಕು. ಟಣ್ ಅಂದಾಗ ಮಾತ್ರ ಅಂಕಿ ಹೇಳಬೇಕು. ಪ್ಲಾಸ್ಟಿಕ್ ಬಟ್ಟಲಾದರೆ ಮಕ್ಕಳಿಗೆ ಮಜಾ ಇಲ್ಲ. ಒಮ್ಮೆ ಒಬ್ಬ ಹುಡುಗ ಬೀಜವನ್ನು ಮೂಗಿಗೆ ತುರುಕಿಕೊಂಡು ಆಸ್ಪತ್ರೆಗೆ ಓಡುವಂತಾಯಿತು. ಆಮೇಲೆ ಮೂರು ವರ್ಷದವರ ಕೈಗೆ ಬರೀ ಚಮಚ, ಲೋಟ.

ಇಷ್ಟಾದರೂ ‘ಒಟ್ಟು ಎಷ್ಟು?’ ಅಂದರೆ ಮಗು ಮತ್ತೆ ಒಂದರಿಂದ ಶುರು ಮಾಡುತ್ತದೆ. ಕೊನೆಗೆ ಹೇಳಿದ ಅಂಕಿಯೇ ಉತ್ತರ ಅನ್ನುವುದು ಅದಕ್ಕೆ ಹೊಳೆದಿರುವುದಿಲ್ಲ. ಬಾಯಲ್ಲಿ ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. ಕೆಲಸಕ್ಕೆ ಬಂದದ್ದು ಊಟದ ತಟ್ಟೆ. ‘ನಿಮ್ಮ ಸಾಲಲ್ಲಿ ಎಷ್ಟು ಜನ? ಅಷ್ಟೇ ತಟ್ಟೆ ತಾ’ ಅಂತ ಅಡುಗೆಮನೆಗೆ ಕಳಿಸುತ್ತೇನೆ. ದಾರಿಯಲ್ಲಿ ಆ ಅಂಕಿಯನ್ನು ನೆನಪಿಟ್ಟುಕೊಳ್ಳಲೇಬೇಕು. ಒಂದು ಕಡಿಮೆಯಾದರೆ ಯಾರಾದರೂ ಅಳುತ್ತಾರೆ. ನಾನು ತಿದ್ದುವ ಅಗತ್ಯವೇ ಇಲ್ಲ.

ಇಲ್ಲಿ ನಮ್ಮ ಕನ್ನಡದ್ದೂ ಒಂದು ತಕರಾರಿದೆ. ತಟ್ಟೆಗೆ ಒಂದು, ಎರಡು. ಮಕ್ಕಳಿಗೆ ಒಬ್ಬರು, ಇಬ್ಬರು. ಶುರುವಿನಲ್ಲಿ ಗೊಂದಲ ಬೇಡ ಅಂತ ‘ಆರು ಜನ, ಆರು ತಟ್ಟೆ’ ಎಂದೇ ಹೇಳುತ್ತೇನೆ. ಹತ್ತು ದಾಟಿಸಲೂ ಅವಸರ ಮಾಡುವುದಿಲ್ಲ. ಹನ್ನೊಂದು, ಹನ್ನೆರಡು ಆದಮೇಲೆ ತಟ್ಟನೆ ಹದಿಮೂರು. ಆ ಹತ್ತು ಎಲ್ಲಿ ಅಡಗಿದೆ ಅಂತ ಮಗುವಿಗೆ ಹೇಗೆ ಕಾಣಬೇಕು? ಇಪ್ಪತ್ತೊಂದರಿಂದ ದಾರಿ ಸಲೀಸು. ಕೆಲವರು ಇಪ್ಪತ್ತೊಂಬತ್ತಾದ ಮೇಲೆ ‘ಇಪ್ಪತ್ತಹತ್ತು’ ಅನ್ನುತ್ತಾರೆ. ನನಗೆ ಅದನ್ನು ಕೇಳಿದರೆ ಖುಷಿ. ಬಾಯಿಪಾಠ ಮಾಡಿದ ಮಗು ಹಾಗೆ ಹೇಳಲ್ಲ, ಅಲ್ವಾ?

ಆ ಹುಡುಗಿ ಈಗ ಹದಿನೈದು ಬೀಜ ತಪ್ಪಿಲ್ಲದೆ ಎಣಿಸುತ್ತಾಳೆ. ಅವರಮ್ಮ ಮಾತ್ರ ಮೊನ್ನೆಯೂ ಬಾಗಿಲಲ್ಲಿ ನಿಂತು ಕೇಳಿದರು: ‘ನೂರರ ತನಕ ಯಾವಾಗ ಹೇಳಿಕೊಡ್ತೀರಾ ಟೀಚರ್?’