ಬಳಸದ ಗ್ಯಾಸ್ ಸಿಲಿಂಡರ್: ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಅಮೆರಿಕಕ್ಕೆ ಬಂದವರಿಗೆ

ನಮ್ಮ ಮೂರು ಜಿಲ್ಲೆಗಳಿಂದ ಅಮೆರಿಕಕ್ಕೆ ಹೊಸದಾಗಿ ಬಂದ ಕುಟುಂಬಗಳು ಗ್ಯಾಸ್ ಸಿಲಿಂಡರಿನ ಬಗ್ಗೆ ಎರಡು ಪ್ರಶ್ನೆಗಳನ್ನು ಕೇಳುವುದುಂಟು. ಊರಿನಲ್ಲಿ ಬೀಗ ಹಾಕಿ ಬಂದ ಮನೆಯ ಸಿಲಿಂಡರನ್ನು ಏನು ಮಾಡಬೇಕೆಂಬುದು ಮೊದಲನೆಯದು. ಇಲ್ಲಿಯ ಬಾಡಿಗೆ ಮನೆಯ ಹಿತ್ತಲಿನಲ್ಲಿ ಹಿಂದಿನವರು ಬಿಟ್ಟುಹೋದ ಪ್ರೊಪೇನ್ ಟ್ಯಾಂಕನ್ನು ಎಲ್ಲಿ ಒಪ್ಪಿಸಬೇಕೆಂಬುದು ಎರಡನೆಯದು. ಎರಡಕ್ಕೂ ಉತ್ತರ ಬೇರೆ ಬೇರೆ. ಊರಿನ ಸಿಲಿಂಡರ್ ಎಷ್ಟು ವರ್ಷ ನಮ್ಮ ಅಡುಗೆಮನೆಯಲ್ಲಿದ್ದರೂ ಅದು ಕಂಪನಿಯ ಸ್ವತ್ತು, ನಾವು ಠೇವಣಿ ಕಟ್ಟಿ ಬಳಸುವವರು ಮಾತ್ರ. ಇಲ್ಲಿ ಅಂಗಡಿಯಿಂದ ತಂದ ಟ್ಯಾಂಕು ಕೊಂಡವರದೇ ಆಗಿರುತ್ತದೆ. ಆದ್ದರಿಂದ ಅದನ್ನು ಸರಿಯಾದ ಕಡೆಗೆ ಸೇರಿಸುವ ಹೊಣೆಯೂ ಅವರದೇ.

ಊರಿನದನ್ನು ಮೊದಲು ಮುಗಿಸೋಣ. ಇಂಡೇನ್, ಭಾರತ್ ಗ್ಯಾಸ್, ಎಚ್‌ಪಿ ಗ್ಯಾಸ್ ಯಾವುದೇ ಇರಲಿ, ಕನೆಕ್ಷನ್ ಯಾವ ಏಜೆನ್ಸಿಯಲ್ಲಿದೆಯೋ ಅಲ್ಲಿಯೇ ಅದನ್ನು ಸರೆಂಡರ್ ಮಾಡಬೇಕು. ಗಡಿ ಭಾಗದವರು, ಅಂದರೆ ಆದೋನಿ ಅಥವಾ ಗುಂತಕಲ್ ಕಡೆ ಕನೆಕ್ಷನ್ ಪಡೆದು ಬಳಿಕ ಬಳ್ಳಾರಿಗೆ ಬಂದವರು, ತಮ್ಮ ಹೆಸರು ಈಗ ಯಾವ ಏಜೆನ್ಸಿಯ ದಾಖಲೆಯಲ್ಲಿದೆ ಎಂಬುದನ್ನು ಮೊದಲೇ ನೋಡಿಕೊಳ್ಳುವುದು ಒಳಿತು. ಸಿಲಿಂಡರ್, ರೆಗ್ಯುಲೇಟರ್, ಗ್ಯಾಸ್ ಪುಸ್ತಕ, ಗುರುತಿನ ಚೀಟಿ, ಕನೆಕ್ಷನ್ ಪಡೆದಾಗ ಕೊಟ್ಟ ಸಬ್‌ಸ್ಕ್ರಿಪ್ಷನ್ ವೋಚರ್ ಇವಿಷ್ಟನ್ನೂ ಒಯ್ಯಬೇಕು. ಹಳೆಯ ಕನೆಕ್ಷನ್‌ಗಳಲ್ಲಿ ಈ ವೋಚರೇ ಸಿಗುವುದಿಲ್ಲ. ಆಗ ಅದು ಕಳೆದುಹೋಗಿದೆಯೆಂದು ಅಫಿಡವಿಟ್ ಬರೆದುಕೊಡಬೇಕಾಗುತ್ತದೆ. ಎಲ್ಲವೂ ಸರಿಯಿದ್ದರೆ ಏಜೆನ್ಸಿಯವರು ಕನೆಕ್ಷನ್ ಮುಗಿದುದಕ್ಕೆ ದಾಖಲೆಯಾದ ಟರ್ಮಿನೇಷನ್ ವೋಚರ್ ಕೊಟ್ಟು ಠೇವಣಿ ಹಿಂದಿರುಗಿಸುತ್ತಾರೆ. ಹಿಂದಿರುಗುವ ಹಣ ಅಂದು ಕಟ್ಟಿದ ಮೊತ್ತವೇ ಹೊರತು ಇಂದಿನ ದರವಲ್ಲ. 2022ರ ಜೂನ್‌ನಲ್ಲಿ 14.2 ಕಿಲೋ ಸಿಲಿಂಡರಿನ ಠೇವಣಿ 1,450 ರೂಪಾಯಿಯಿಂದ 2,200ಕ್ಕೆ ಏರಿತೆಂದು ಹಳಬರು ಹೆಚ್ಚು ಹಣ ನಿರೀಕ್ಷಿಸಿ ಏಜೆನ್ಸಿಯ ಹುಡುಗರೊಂದಿಗೆ ವಾದಕ್ಕೆ ಇಳಿಯುವುದರಲ್ಲಿ ಅರ್ಥವಿಲ್ಲ. ತಂದೆತಾಯಿ ಅದೇ ಮನೆಯಲ್ಲಿ ಇರುವುದಾದರೆ ಸರೆಂಡರ್ ಬೇಡ, ಕನೆಕ್ಷನ್ನನ್ನು ಅವರ ಹೆಸರಿಗೆ ವರ್ಗಾಯಿಸಿದರೆ ಸಾಕು. ಪಕ್ಕದ ಮನೆಯವರಿಗೆ ಹಾಗೆಯೇ ಕೊಟ್ಟು ಬರುವ ರೂಢಿ ನಮ್ಮಲ್ಲಿ ಇದೆಯಾದರೂ, ಮುಂದೆ ಏನಾದರೂ ಅವಘಡವಾದರೆ ದಾಖಲೆಯಲ್ಲಿರುವ ಹೆಸರು ನಿಮ್ಮದೇ ಎಂಬುದನ್ನು ಯೋಚಿಸಬೇಕು. ಬೀಗ ಹಾಕಿದ ಮನೆಯಲ್ಲಿ, ಅದೂ ರಾಯಚೂರಿನ ಮೇ ತಿಂಗಳಿನಲ್ಲಿ, ತುಂಬಿದ ಸಿಲಿಂಡರನ್ನು ಬಿಟ್ಟು ಬರುವುದನ್ನಂತೂ ನಾನು ಒಪ್ಪುವುದಿಲ್ಲ.

ಇನ್ನು ಇಲ್ಲಿಯ ವಿಷಯ. ಅಮೆರಿಕದ ಮನೆಗಳ ಒಲೆ ಸಾಮಾನ್ಯವಾಗಿ ಕರೆಂಟಿನದು ಅಥವಾ ಪೈಪ್ ಗ್ಯಾಸಿನದು. ಟ್ಯಾಂಕು ಬೇಕಾಗುವುದು ಹಿತ್ತಲಿನಲ್ಲಿಟ್ಟು ಅಡುಗೆ ಸುಡುವ ಗ್ರಿಲ್ ಎಂಬ ಒಲೆಗೆ. ನಮ್ಮವರು ಅದರ ಪಕ್ಕದ ಬರ್ನರಿನ ಮೇಲೆ ಬಾಣಲೆಯಿಟ್ಟು ಮಿರ್ಚಿ ಕರಿಯುತ್ತಾರೆ, ಬದನೆಕಾಯಿ ಸುಡುತ್ತಾರೆ. ಮನೆಯೊಳಗೆ ಕರಿದರೆ ಹೊಗೆಯ ಅಲಾರಂ ಕೂಗುತ್ತದೆ ಎಂಬುದು ಅದಕ್ಕೆ ಮುಖ್ಯ ಕಾರಣ. ಈ ಟ್ಯಾಂಕು 20 ಪೌಂಡಿನದು, ಅಂದರೆ ಸುಮಾರು 9 ಕಿಲೋ ಗ್ಯಾಸ್ ಹಿಡಿಯುವಂಥದ್ದು. ಅದು ಬೇಡವಾದಾಗ ಮಾಡಲೇಬಾರದ ಕೆಲಸವೆಂದರೆ ಕಸದ ಡಬ್ಬಿಗೆ ಅಥವಾ ರೀಸೈಕ್ಲಿಂಗ್ ಡಬ್ಬಿಗೆ ಹಾಕುವುದು. ಕಸದ ಲಾರಿ ಕಸವನ್ನು ಒತ್ತಿ ಹಿಂಡುತ್ತದೆ. ಖಾಲಿಯೆಂದು ನಾವು ಭಾವಿಸಿದ ಟ್ಯಾಂಕಿನಲ್ಲಿಯೂ ಅನಿಲ ಉಳಿದಿರುವುದರಿಂದ ಅಲ್ಲಿ ಬೆಂಕಿ ಹೊತ್ತಿಕೊಂಡರೆ ಲಾರಿಯ ಕೆಲಸಗಾರರ ಜೀವಕ್ಕೇ ಕುತ್ತು. ಗುಜರಿಗೆ ಕೊಡಲೆಂದು ತೂತು ಹೊಡೆಯುವುದೂ, ವಾಲ್ವ್ ಬಿಚ್ಚುವುದೂ ಅಷ್ಟೇ ಅಪಾಯದ ಕೆಲಸ.

ಸುಲಭದ ದಾರಿ ಬದಲಾವಣೆಯ ಅಂಗಡಿಯದು. ಹೋಮ್ ಡಿಪೋ, ಲೋವ್ಸ್, ವಾಲ್‌ಮಾರ್ಟ್‌ನಂಥ ಅಂಗಡಿಗಳ ಹೊರಗೆ ಬ್ಲೂ ರೈನೋ ಅಥವಾ ಅಮೆರಿಗ್ಯಾಸ್ ಹೆಸರಿನ ಜಾಲರಿ ಪೆಟ್ಟಿಗೆಗಳಿರುತ್ತವೆ. ಖಾಲಿ ಟ್ಯಾಂಕು ಕೊಟ್ಟು ತುಂಬಿದ್ದನ್ನು ಪಡೆಯುವುದು ಅಲ್ಲಿಯ ಪದ್ಧತಿ. ಹೊಸ ಟ್ಯಾಂಕು ಬೇಡ, ಹಳೆಯದನ್ನು ಮಾತ್ರ ಬಿಟ್ಟುಹೋಗುತ್ತೇವೆ ಎಂದರೆ ಒಪ್ಪುವ ಅಂಗಡಿಗಳೂ ಇವೆ, ಒಪ್ಪದವೂ ಇವೆ. ಒಳಗೆ ಹೋಗಿ ಕೇಳಿ, ಅವರು ಹೇಳಿದ ಮೇಲೆಯೇ ಬಿಡಬೇಕು. ಕೇಳದೆ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟು ಬರುವುದು ನಮ್ಮ ಸಮಸ್ಯೆಯನ್ನು ಇನ್ನೊಬ್ಬರ ತಲೆಗೆ ಕಟ್ಟಿದಂತೆ. ಟ್ಯಾಂಕಿನ ಕುತ್ತಿಗೆಯ ಪಟ್ಟಿಯ ಮೇಲೆ ತಯಾರಾದ ತಿಂಗಳು ಮತ್ತು ವರ್ಷವನ್ನು ಕೊರೆದಿರುತ್ತಾರೆ. ತಯಾರಾಗಿ 12 ವರ್ಷ ಕಳೆದರೆ ಮರುಪರೀಕ್ಷೆಯಾಗುವವರೆಗೆ ಅದನ್ನು ತುಂಬಿಕೊಡುವುದಿಲ್ಲ. ವಾಲ್ವಿನ ಹಿಡಿಕೆ ತ್ರಿಕೋನಾಕಾರದಲ್ಲಿ ಇಲ್ಲದಿದ್ದರೆ ಅದು ಅತಿಯಾಗಿ ತುಂಬುವುದನ್ನು ತಡೆಯುವ ವ್ಯವಸ್ಥೆಯಿಲ್ಲದ ಹಳೆಯ ಕಾಲದ್ದಾಗಿರುವ ಸಾಧ್ಯತೆ ಹೆಚ್ಚು. ಇಂಥದ್ದನ್ನೂ ತುಕ್ಕು ಹಿಡಿದದ್ದನ್ನೂ ಪ್ರೊಪೇನ್ ತುಂಬಿಕೊಡುವ ವ್ಯಾಪಾರಿಗೆ ಅಥವಾ ನಿಮ್ಮ ನಗರ ಅಥವಾ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ನಡೆಸುವ ಮನೆಯ ಅಪಾಯಕಾರಿ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಬೇಕು. ಹಲವು ಕೇಂದ್ರಗಳು ಮೊದಲೇ ಸಮಯ ಗೊತ್ತುಮಾಡಿಕೊಂಡವರಿಂದ ಮಾತ್ರ ತೆಗೆದುಕೊಳ್ಳುವುದರಿಂದ ಫೋನ್ ಮಾಡಿ ಹೋಗುವುದು ಲೇಸು. ಟ್ಯಾಂಕು ಸುಸ್ಥಿತಿಯಲ್ಲಿದ್ದರೆ ಊರಿನಂತಲ್ಲದೆ ಇಲ್ಲಿ ಪರಿಚಿತರಿಗೆ ಕೊಡುವುದಕ್ಕೆ ಅಡ್ಡಿಯಿಲ್ಲ, ಅದು ನಿಮ್ಮದೇ ವಸ್ತು.

ವನಭೋಜನಕ್ಕೆ ಒಯ್ಯುವ ಸಣ್ಣ ಸ್ಟೌವಿನ ಒಂದು ಪೌಂಡಿನ ಹಸಿರು ಡಬ್ಬಿಗಳು ಇದಕ್ಕಿಂತ ಹೆಚ್ಚು ತೊಂದರೆ ಕೊಡುತ್ತವೆ. ಅವನ್ನು ಮತ್ತೆ ತುಂಬುವಂತಿಲ್ಲ, ಬದಲಾವಣೆಯ ಅಂಗಡಿಯವರೂ ಮುಟ್ಟುವುದಿಲ್ಲ; ತ್ಯಾಜ್ಯ ಕೇಂದ್ರವೇ ಗತಿ. ಒಮ್ಮೆ ಬಳಸಿ ಎಸೆಯುವ ಈ ಡಬ್ಬಿಗಳ ಮಾರಾಟವನ್ನು ಕ್ಯಾಲಿಫೋರ್ನಿಯಾ 2028ರಿಂದ ನಿಷೇಧಿಸುವ ಕಾನೂನು ಮಾಡಿದೆ. ಇಲ್ಲಿಯ ನಮ್ಮವರ ಸಂಘದ ಕಾರ್ಯಕ್ರಮಗಳಿಗೆ ಮತ್ತೆ ತುಂಬಬಹುದಾದ ಡಬ್ಬಿಗಳನ್ನೇ ಕೊಳ್ಳುವುದು ಉತ್ತಮವೆಂದು ನನ್ನ ಅಭಿಪ್ರಾಯ.

ಒಯ್ಯುವಾಗ ವಾಲ್ವನ್ನು ಬಿಗಿಯಾಗಿ ಮುಚ್ಚಿ, ಟ್ಯಾಂಕನ್ನು ನೆಟ್ಟಗೆ ನಿಲ್ಲಿಸಿ, ಉರುಳದಂತೆ ಕಟ್ಟಿ, ಕಾರಿನ ಗಾಜುಗಳನ್ನು ಇಳಿಸಿಕೊಂಡು ನೇರವಾಗಿ ಹೋಗಬೇಕು. ದಾರಿಯಲ್ಲಿ ದಿನಸಿ ತರುವ ನೆಪದಲ್ಲಿ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಬಾರದು. ಬಳ್ಳಾರಿಯ ಬಿಸಿಲು ಕಂಡವರಿಗೆ ಇಲ್ಲಿಯದು ಲೆಕ್ಕಕ್ಕಿಲ್ಲವೆನಿಸಬಹುದು, ಆದರೆ ಗಾಜು ಏರಿಸಿದ ಕಾರಿನೊಳಗಿನ ಕಾವು ಬೇರೆಯೇ. ಬಿಸಿಯಿಂದ ಒತ್ತಡ ಮಿತಿಮೀರಿದರೆ ಟ್ಯಾಂಕಿನ ಸುರಕ್ಷತಾ ವಾಲ್ವ್ ತಾನಾಗಿಯೇ ತೆರೆದು ಅನಿಲವನ್ನು ಹೊರಬಿಡುತ್ತದೆ, ಗಾಳಿಗಿಂತ ಭಾರವಾದ ಪ್ರೊಪೇನ್ ಕಾರಿನ ತಳದಲ್ಲಿ ಶೇಖರವಾಗುತ್ತದೆ. ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ ದೂರ ಸರಿದು 911ಕ್ಕೆ ಕರೆ ಮಾಡಬೇಕು. ಊರಿನಲ್ಲಿ ಇದೇ ಕೆಲಸಕ್ಕೆ ಇರುವ ಸಂಖ್ಯೆ 1906.

ಮನೆ ಬದಲಿಸುವವರಿಗೆ ಒಂದು ಮಾತು: ಸಾಗಣೆ ಕಂಪನಿಗಳು ಸಾಮಾನ್ಯವಾಗಿ ಪ್ರೊಪೇನ್ ಟ್ಯಾಂಕನ್ನು ಲಾರಿಗೆ ಏರಿಸುವುದಿಲ್ಲ, ಬಾಡಿಗೆಯ ಗೋದಾಮಿನವರೂ ಒಳಗೆ ಬಿಡುವುದಿಲ್ಲ. ಅಪಾರ್ಟ್‌ಮೆಂಟಿಗೆ ಹೋಗುವುದಾದರೆ ಬಾಲ್ಕನಿಯಲ್ಲಿ 20 ಪೌಂಡಿನ ಟ್ಯಾಂಕು ಇಡುವುದನ್ನು ಬಹಳಷ್ಟು ಕಡೆ ಅಗ್ನಿಶಾಮಕ ನಿಯಮ ಇಲ್ಲವೇ ಬಾಡಿಗೆ ಕರಾರು ತಡೆಯುತ್ತದೆ. ಆದ್ದರಿಂದ ಸಾಮಾನು ಕಟ್ಟುವ ವಾರಕ್ಕಿಂತ ಮೊದಲೇ, ತ್ಯಾಜ್ಯ ಕೇಂದ್ರ ತೆರೆದಿರುವ ದಿನ ನೋಡಿಕೊಂಡು, ಟ್ಯಾಂಕನ್ನು ಒಪ್ಪಿಸಿಬಿಡಿ.