ನವಜಾತ ಶಿಶುವಿನ ಲಿವರ್ ವೈಫಲ್ಯ: ಕಾರಣ ತಿಳಿಯುವ ಮೊದಲೇ ಮಾಡಬೇಕಾದ ಕೆಲಸ

ಹುಟ್ಟಿ ಎರಡು ಮೂರು ದಿನದ ಮಗು ಹಾಲು ಚೀಪುತ್ತಿಲ್ಲ, ಮಂಕಾಗಿದೆ, ರಕ್ತದ ಸಕ್ಕರೆ ಪದೇ ಪದೇ ಇಳಿಯುತ್ತಿದೆ. ಹಿಮ್ಮಡಿ ಚುಚ್ಚಿದ ಕಡೆ ಹತ್ತಿ ಒತ್ತಿ ಹಿಡಿದು ತೆಗೆದರೆ ರಕ್ತ ಮತ್ತೆ ಜಿನುಗುತ್ತದೆ. ಯಾರೇ ಆದರೂ ಮೊದಲು ಸೆಪ್ಸಿಸ್ (ರಕ್ತಕ್ಕೆ ಹರಡಿದ ತೀವ್ರ ಸೋಂಕು) ಅಂದುಕೊಳ್ಳುತ್ತಾರೆ. ಆಂಟಿಬಯಾಟಿಕ್ ಶುರುಮಾಡಿ, ಜೊತೆಗೇ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂಬ ಪರೀಕ್ಷೆ) ಕಳಿಸಿ. ವಿಟಮಿನ್ ಕೆ 1 ಮಿ.ಗ್ರಾಂ ಐವಿ ಕೊಟ್ಟು, ಆರು ಗಂಟೆಯ ನಂತರವೂ ಐಎನ್‌ಆರ್ 2 ಅಥವಾ ಹೆಚ್ಚಿದ್ದರೆ ಲಿವರ್ ವೈಫಲ್ಯವೆಂದೇ ಹಿಡಿಯಿರಿ. ಕಾಮಾಲೆ ಏರಲಿ ಎಂದು ಕಾಯಬೇಡಿ, ಅದು ತಡವಾಗಿ ಬರಬಹುದು.

ಹೆಚ್ಚಿನವರು ಎಡವುವುದು ಎಎಲ್‌ಟಿ (ಲಿವರ್ ಜೀವಕೋಶ ಹಾಳಾದಾಗ ರಕ್ತಕ್ಕೆ ಸೋರುವ ಕಿಣ್ವ) ವರದಿಯಲ್ಲಿ. ಅದು ನಾರ್ಮಲ್ ಬಂತೆಂದು ಲಿವರ್ ಚೆನ್ನಾಗಿದೆ ಎಂದುಕೊಳ್ಳುತ್ತಾರೆ. ಈ ವಯಸ್ಸಿನ ಲಿವರ್ ವೈಫಲ್ಯಕ್ಕೆ ಮುಖ್ಯ ಕಾರಣವಾದ ಗಾಲ್ಡ್‌ (GALD, ಜೆಸ್ಟೇಷನಲ್ ಅಲೋಇಮ್ಯೂನ್ ಲಿವರ್ ಡಿಸೀಸ್) ಎಂಬ ಕಾಯಿಲೆಯಲ್ಲಿ ತಾಯಿಯ ಪ್ರತಿಕಾಯಗಳು ಗರ್ಭದಲ್ಲೇ ಮಗುವಿನ ಲಿವರ್ ಜೀವಕೋಶಗಳನ್ನು ಹಾಳುಮಾಡಿರುತ್ತವೆ. ಸೋರಲು ಜೀವಕೋಶಗಳೇ ಉಳಿದಿರುವುದಿಲ್ಲ, ಹಾಗಾಗಿ ಎಎಲ್‌ಟಿ ಸಾಮಾನ್ಯವಾಗಿ 100 ದಾಟುವುದಿಲ್ಲ. ಅದು ಸಾವಿರಗಳಲ್ಲಿದ್ದರೆ ಹರ್ಪಿಸ್‌ನಂಥ ವೈರಸ್ ಅಥವಾ ಶಾಕ್ ನೆನಪಾಗಬೇಕು. ತಾಯಿಗೆ ಹರ್ಪಿಸ್ ಇತಿಹಾಸ ಇಲ್ಲ ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ, ಬಹಳಷ್ಟು ತಾಯಂದಿರಿಗೆ ಲಕ್ಷಣವೇ ಇರುವುದಿಲ್ಲ.

ರಕ್ತ ಕೊಡುವ ಮೊದಲು ಸ್ಯಾಂಪಲ್ ತೆಗೆದಿಡಿ. ಗ್ಯಾಲಕ್ಟೋಸೀಮಿಯಾದ (ಹಾಲಿನ ಗ್ಯಾಲಕ್ಟೋಸ್ ಸಕ್ಕರೆಯನ್ನು ಅರಗಿಸಲಾಗದ ಹುಟ್ಟು ಕಾಯಿಲೆ) ಕಿಣ್ವ ಪರೀಕ್ಷೆ ನಡೆಯುವುದು ಕೆಂಪು ರಕ್ತಕಣಗಳಲ್ಲಿ. ದಾನಿಯ ರಕ್ತ ಸೇರಿದ ಮೇಲೆ ಅದರ ಫಲಿತಾಂಶ ನಂಬುವ ಹಾಗಿಲ್ಲ. ಹರ್ಪಿಸ್ ಮತ್ತು ಎಂಟೆರೋವೈರಸ್ ಪಿಸಿಆರ್, ಫೆರಿಟಿನ್ (ಕಬ್ಬಿಣ ಕೂಡಿಡುವ ಪ್ರೋಟೀನ್), ಆಲ್ಫಾ ಫೀಟೋಪ್ರೋಟೀನ್, ಲ್ಯಾಕ್ಟೇಟ್, ಮೂತ್ರದಲ್ಲಿ ಸಕ್ಸಿನೈಲ್‌ಅಸಿಟೋನ್ (ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ಅರಗಿಸಲಾಗದ ಟೈರೋಸಿನೀಮಿಯಾ ಕಾಯಿಲೆಯ ಗುರುತು) ಕೂಡ ಹೋಗಲಿ. ಅಮೋನಿಯಾ ಸ್ಯಾಂಪಲ್‌ಗೆ ರಕ್ತ ತಾನಾಗಿ ಹರಿದು ಬರಬೇಕು, ಹಿಂಡಿ ತೆಗೆಯಬಾರದು. ಮಂಜುಗಡ್ಡೆಯಲ್ಲಿಟ್ಟು ಕೂಡಲೇ ಲ್ಯಾಬ್‌ಗೆ ತಲುಪಿಸಿ, ತಡವಾದರೆ ಅಮೋನಿಯಾ ಸುಳ್ಳೇ ಏರಿರುತ್ತದೆ. ಫೆರಿಟಿನ್ ಒಂದನ್ನೇ ನೋಡಿ ಗಾಲ್ಡ್ ಎನ್ನಬೇಡಿ, ಯಾವ ಕಾರಣಕ್ಕೆ ಲಿವರ್ ಕೆಟ್ಟರೂ ಅದು ಏರುತ್ತದೆ. ತುಟಿಯ ಒಳಭಾಗದ ಬಯಾಪ್ಸಿಯಲ್ಲಿ ಜೊಲ್ಲುಗ್ರಂಥಿಯೊಳಗೆ ಕಬ್ಬಿಣ ಕಂಡರೆ, ಅಥವಾ ಎಂಆರ್‌ಐನಲ್ಲಿ ಮೇದೋಜೀರಕ ಗ್ರಂಥಿಯಲ್ಲಿ ಕಂಡರೆ, ಗಾಲ್ಡ್ ಪರ ಗಟ್ಟಿ ಸಾಕ್ಷಿ.

ವರದಿಗಳು ಬರಲು ದಿನಗಳೇ ಬೇಕು. ಅಷ್ಟರವರೆಗೆ ಗುಣವಾಗಬಲ್ಲ ಕಾಯಿಲೆಗಳಿಗೆ ಚಿಕಿತ್ಸೆ ನಡೆಯುತ್ತಿರಲಿ. ಅಸೈಕ್ಲೋವಿರ್ ಕೆ.ಜಿ.ಗೆ 20 ಮಿ.ಗ್ರಾಂ, ಎಂಟು ಗಂಟೆಗೊಮ್ಮೆ, ಐವಿ ಮೂಲಕ. ಕಿಡ್ನಿ ಸರಿಯಿಲ್ಲದಿದ್ದರೆ ಡೋಸ್ ಬದಲಿಸಬೇಕು. ಮೈಯೆಲ್ಲ ಹಬ್ಬಿದ ಹರ್ಪಿಸ್ ಖಚಿತವಾದರೆ ಕನಿಷ್ಠ 21 ದಿನ. ಎದೆಹಾಲು ಸೇರಿದಂತೆ ಗ್ಯಾಲಕ್ಟೋಸ್ ಇರುವ ಎಲ್ಲ ಹಾಲನ್ನೂ ನಿಲ್ಲಿಸಿ, ಆದರೆ ತಾಯಿ ಹಾಲು ಹಿಂಡಿ ತೆಗೆಯುತ್ತಿರಲಿ. ಗ್ಯಾಲಕ್ಟೋಸೀಮಿಯಾ ಅಲ್ಲ ಎಂದು ಗೊತ್ತಾದ ದಿನ ಹಾಲೇ ಬತ್ತಿಹೋಗಿರಬಾರದು. ಗಾಲ್ಡ್ ಅನುಮಾನವಿದ್ದರೆ ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಐವಿ ಔಷಧ) ಕೆ.ಜಿ.ಗೆ 1 ಗ್ರಾಂ ಮತ್ತು ಎರಡು ಪಟ್ಟು ರಕ್ತ ಪ್ರಮಾಣದ ವಿನಿಮಯ (ಮಗುವಿನ ರಕ್ತ ತೆಗೆಯುತ್ತಾ ದಾನಿಯ ರಕ್ತ ತುಂಬುವುದು). ವಿನಿಮಯಕ್ಕೆ ರಕ್ತ ಹೊಂದಿಸಲು ತಡವಾದರೆ ಐವಿಐಜಿ ಮೊದಲೇ ಹೋಗಲಿ, ವಿನಿಮಯದ ನಂತರ ಇನ್ನೊಂದು ಡೋಸ್ ಕೊಡಿ, ಏಕೆಂದರೆ ಮೊದಲನೆಯದು ಆ ರಕ್ತದ ಜೊತೆಗೇ ಹೊರಹೋಗಿರುತ್ತದೆ. ಟೈರೋಸಿನೀಮಿಯಾ ಎಂದಾದರೆ ನಿಟಿಸಿನೋನ್ ಮತ್ತು ಪಥ್ಯ.

ಗ್ಲೂಕೋಸ್ ನಿಮಿಷಕ್ಕೆ ಕೆ.ಜಿ.ಗೆ 6–8 ಮಿ.ಗ್ರಾಂನಿಂದ ಶುರುಮಾಡಿ, ಸಕ್ಕರೆ ನೋಡಿಕೊಂಡು ಏರಿಸಿ. ರಕ್ತಸ್ರಾವ ಇಲ್ಲದೆ, ಐಎನ್‌ಆರ್ ಚೆಂದ ಕಾಣಲಿ ಎಂದಷ್ಟೇ ಪ್ಲಾಸ್ಮಾ ಹಾಕಬೇಡಿ. ಸಣ್ಣ ಮೈಗೆ ದ್ರವದ ಹೊರೆ ಏರುತ್ತದೆ, ಲಿವರ್ ಚೇತರಿಸಿಕೊಳ್ಳುತ್ತಿದೆಯೇ ಎಂಬ ಸುಳಿವೂ ಕೈತಪ್ಪುತ್ತದೆ. ಫಿಟ್ಸ್ ಬಂದರೆ ವಾಲ್‌ಪ್ರೊಯೇಟ್ ಬೇಡ, ಮೈಟೋಕಾಂಡ್ರಿಯಾ (ಜೀವಕೋಶದಲ್ಲಿ ಶಕ್ತಿ ತಯಾರಿಸುವ ಭಾಗ) ಕಾಯಿಲೆ ಇದ್ದಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು. ಲಿವರ್ ಕಸಿ ಕೇಂದ್ರಕ್ಕೆ ಮೊದಲ ದಿನವೇ ಫೋನ್ ಮಾಡಿ.

ಗಾಲ್ಡ್ ಖಚಿತವಾದರೆ ಡಿಸ್ಚಾರ್ಜ್ ಪತ್ರದಲ್ಲಿ ತಾಯಿಯ ವಿಷಯವೂ ಬರೆಯಿರಿ. ಅದೇ ತಾಯಿಯ ಮುಂದಿನ ಗರ್ಭಗಳಲ್ಲಿ ಕಾಯಿಲೆ ಮರುಕಳಿಸುವ ಸಂಭವ ಹತ್ತರಲ್ಲಿ ಒಂಬತ್ತರಷ್ಟು. 14 ಮತ್ತು 16ನೇ ವಾರ, ಆಮೇಲೆ 18ರಿಂದ ಹೆರಿಗೆವರೆಗೆ ವಾರವಾರವೂ ತಾಯಿಗೆ ಐವಿಐಜಿ ಕೊಟ್ಟರೆ ಬಹುಪಾಲು ತಡೆಯಬಹುದು.